ರಾಶಿಯ ಮೇಲೆ ನಿಂತು ಹಾಡಿದವರು

ಗೋವಿನಜೋಳ ಕಣಕ್ಕೆ ಬಂತೆಂದರೆ ನಮ್ಮ ದುಂಡಸಿ ಕಡೆ ಅಂಗಳಗಳಿಗೆ ಒಂದು ಕಳೆ ಬರುತ್ತದೆ. ಎದೆಮಟ್ಟದ ತೆನೆಯ ರಾಶಿ, ಅದರ ಸುತ್ತ ಗುಂಡಗೆ ಕೂತ ಹೆಣ್ಣುಮಕ್ಕಳು, ಸಿಪ್ಪೆ ಸುಲಿಯುವ ಸರಸರ ಸದ್ದು. ಈಗ ಹೆಚ್ಚಿನ ಕೆಲಸ ಮಷೀನಿನದೇ. ಆದರೂ ಎರಡೆಕರೆ, ಮೂರೆಕರೆಯವರ ಅಂಗಳದಲ್ಲಿ ಕೈಯಿಂದ ಸುಲಿಯುವುದು ಇನ್ನೂ ನಿಂತಿಲ್ಲ. ಹೋದ ವರ್ಷ ಅಂಥದೊಂದು ಸಂಜೆ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಕರೆಂಟು ಹೋಯಿತು. ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿಯೊಬ್ಬಳು ಮೆಲ್ಲಗೆ ಒಂದು ಪದ ಎತ್ತಿದಳು. ಉಳಿದವರು ಸೊಲ್ಲು ಹಿಡಿದರು. ಅಜ್ಜಿ ಒಂದು ನುಡಿ ಹೇಳುವುದು, ಅದು ಮುಗಿಯುವ ಮುಂಚೆಯೇ ಇವರು ಎತ್ತಿಕೊಳ್ಳುವುದು, ಆ ಸಂದಿನಲ್ಲಿ ಅಜ್ಜಿ ಉಸಿರು ತಗೊಳ್ಳುವುದು. ಕೈಗಳೂ ಅದೇ ಲಯಕ್ಕೆ ತೆನೆ ಸುಲಿಯುತ್ತಿದ್ದವು. ಆಕೆಯ ಮೊಮ್ಮಗಳು, ಆರನೇ ಇಯತ್ತೆಯ ಹುಡುಗಿ, ನನ್ನ ಕಡೆ ತಿರುಗಿ ಕೇಳಿದಳು:

"ಸರ್ರ, ಹಿಂಗ ರಾಶಿ ಮುಂದ ಕುಂತು ಹಾಡೋದು ನಮ್ಮ ಕಡೆ ಅಷ್ಟ ಐತೇನ್ರಿ?"

ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಲೇ ನಿವೃತ್ತನಾದವನು ನಾನು. ಇಂಥ ಪ್ರಶ್ನೆ ಸಿಕ್ಕರೆ ಬಿಡುವುದುಂಟೆ? "ಇಲ್ಲವ್ವ, ಏಳು ಸಮುದ್ರದ ಆಚೆನೂ ಇತ್ತು" ಅಂದೆ. ಅವತ್ತು ಆರಂಭವಾದ ಮಾತು ಇವತ್ತಿಗೂ ಮುಗಿದಿಲ್ಲ. ಅದನ್ನೇ ನಿಮ್ಮ ಮುಂದೆಯೂ ಹರವುತ್ತೇನೆ.

ಇನ್ನೂರು ವರ್ಷದ ಹಿಂದೆ ಅಮೆರಿಕದ ವರ್ಜೀನಿಯಾ ಮೊದಲಾದ ದಕ್ಷಿಣದ ರಾಜ್ಯಗಳಲ್ಲಿ ಸುಗ್ಗಿ ಮುಗಿದ ಮೇಲೆ ಇದೇ ಗೋವಿನಜೋಳದ ತೆನೆಗಳನ್ನು ರಾಶಿ ಹಾಕುತ್ತಿದ್ದರು. ಸುತ್ತಲಿನ ತೋಟಗಳ ಗುಲಾಮರೆಲ್ಲ ರಾತ್ರಿ ಅಲ್ಲಿ ಸೇರಬೇಕು. ಒಳ್ಳೆಯ ಕಂಠದವನೊಬ್ಬ ರಾಶಿಯ ತುದಿಗೆ ಹತ್ತಿ ನಿಂತು ಹಾಡು ಎತ್ತುತ್ತಿದ್ದ. ಕೆಳಗಿದ್ದವರು ಸುಲಿಯುತ್ತಲೇ ಸೊಲ್ಲು ಹಾಕುತ್ತಿದ್ದರು. ನಮ್ಮ ಗೀಗೀ ಮೇಳದ ಮುಮ್ಮೇಳ, ಹಿಮ್ಮೇಳ ನೆನಪಿಗೆ ತಂದುಕೊಳ್ಳಿ, ಹೆಚ್ಚುಕಡಿಮೆ ಹಾಗೆಯೇ. ಗೋವಿನಜೋಳವೂ ಮೂಲದಲ್ಲಿ ಅಮೆರಿಕದ ಬೆಳೆಯೇ. ಕಾಳು ಅಲ್ಲಿಂದ ಇಲ್ಲಿಗೆ ಬಂತು. ಹಾಡುವ ರೀತಿ ಮಾತ್ರ ಅವರದು ಅವರಿಗೆ, ನಮ್ಮದು ನಮಗೆ, ದುಡಿಯುವ ಮೈಯಿಂದಲೇ ಹುಟ್ಟಿದ್ದು.

"ಹಂಗಾರ ಅವ್ರೂ ಖುಷಿಲೆ ಹಾಡತಿದ್ರು" ಅಂದಳು ಹುಡುಗಿ. ಇಲ್ಲಿ ನಾನು ತಡೆದೆ. ಆ ಜನರನ್ನು ಆಫ್ರಿಕಾದಿಂದ ಹಡಗುಗಳಲ್ಲಿ ಸರಪಳಿ ಹಾಕಿ ಸಾಗಿಸಿದ್ದರು. ವರ್ಜೀನಿಯಾಕ್ಕೆ ಮೊದಲ ಗುಂಪು ಇಳಿದದ್ದು 1619ರಲ್ಲಿ. ಅಲ್ಲಿಂದ 1865ರವರೆಗೆ, ಸುಮಾರು ಎರಡೂವರೆ ಶತಮಾನ, ಮನುಷ್ಯರನ್ನು ಸಂತೆಯಲ್ಲಿ ನಿಲ್ಲಿಸಿ ಎತ್ತುಗಳ ಹಾಗೆ ಹಲ್ಲು ನೋಡಿ ಮಾರಿದರು. ತಾಯಿ ಒಂದು ತೋಟಕ್ಕೆ, ಮಗು ಇನ್ನೊಂದು ತೋಟಕ್ಕೆ. ರಾಶಿ ಅವರದಲ್ಲ, ದುಡಿದ ಕೈಯೂ ಅವರದಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾನೆ: ಗುಲಾಮರು ಹಾಡುವುದನ್ನು ಕೇಳಿ ಅವರು ಸುಖವಾಗಿದ್ದಾರೆಂದು ತಿಳಿಯುವುದು ದೊಡ್ಡ ತಪ್ಪು, ದುಃಖ ಹೆಚ್ಚಾದಾಗಲೇ ಅವರು ಹೆಚ್ಚು ಹಾಡುತ್ತಾರೆ ಎಂದು. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂತು ಅತ್ತೆಮನೆಯ ಸಂಕಟವನ್ನೆಲ್ಲ ಕಲ್ಲಿಗೆ ಹೇಳಿಕೊಂಡವರು ಅವರು. ಬೀಸುವ ಪದ ಕೇಳಿದವರಿಗೆ ಡಗ್ಲಸ್‌ನ ಮಾತು ಕೂಡಲೇ ತಿಳಿಯುತ್ತದೆ. ಅಜ್ಜಿಯೂ ತಲೆಯಾಡಿಸಿ, "ಅಳಾಕ ಪುರಸೊತ್ತು ಇಲ್ಲದವ್ರು ಹಾಡತಾರ" ಅಂದಳು.

ಅಂದಿನಿಂದ ವಾರಕ್ಕೊಂದು ಸಂಜೆ ಓಣಿಯ ಹತ್ತು ಹನ್ನೆರಡು ಮಕ್ಕಳು ನಮ್ಮ ಕಟ್ಟೆಗೆ ಬರತೊಡಗಿದರು. ನಾನು ಹಾಡು ಕೇಳಿಸುವುದು, ಅವರು ಕೂಡಿ ಹಾಡುವುದು, ಆಮೇಲೆ ಅದರ ಕತೆ.

ಶಾಲೆಯಲ್ಲಿದ್ದಾಗ ಒಂದು ತಪ್ಪು ಮಾಡಿದ್ದೆ. ಅಮೆರಿಕದ ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಪಾಠಕ್ಕೆಂದು ಮೊದಲು ಫೋಟೋಗಳನ್ನು ತೋರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಕೂದಲು ನೋಡಿ ನಕ್ಕ, ಅವನ ಹಿಂದೆ ಇಡೀ ತರಗತಿ ನಕ್ಕಿತು. ಮಕ್ಕಳನ್ನು ಬೈದು ಫಲವಿಲ್ಲ. ಮನೆಯಲ್ಲಿ ಕೂಸು ಹುಟ್ಟಿದ ದಿನವೇ ಬಣ್ಣದ ಮಾತಾಡುವವರು ನಾವು, ಕೆಂಪಗಿದ್ದರೆ ಹಿಗ್ಗುತ್ತೇವೆ, ಕಪ್ಪಗಿದ್ದರೆ ಹುಬ್ಬು ಗಂಟಿಕ್ಕುತ್ತೇವೆ. ಮಕ್ಕಳು ಅದನ್ನೇ ಕಲಿತು ತರಗತಿಗೆ ಬರುತ್ತಾರೆ. ಆದ್ದರಿಂದ ಈ ಸಲ ಕ್ರಮ ಬದಲಿಸಿದೆ. ಮೊದಲು ದನಿ, ಆಮೇಲೆ ಕತೆ, ಕೊನೆಗೆ ಫೋಟೋ. ಅಮೆರಿಕದ ಕಪ್ಪು ಹಾಡುಗಾರ್ತಿ ಮರಿಯನ್ ಆಂಡರ್ಸನ್ ಅವರ ಹಾಡು ಹಚ್ಚಿ, ಕಣ್ಣು ಮುಚ್ಚಿಕೊಂಡು ಕೇಳಿರಿ ಅಂದೆ. ಭಾಷೆ ತಿಳಿಯದು, ಆದರೂ ಒಂದು ಮಗುವೂ ಮಿಸುಕಲಿಲ್ಲ. ಮುಗಿದ ಮೇಲೆ, "ಹಾಡಿದವರು ಹೆಂಗಿರಬಹುದು?" ಅಂತ ಕೇಳಿದೆ. "ದೇವರ ಮುಂದ ನಿಂತು ಹಾಡಿದಂಗ ಐತ್ರಿ" ಅಂತ ಒಬ್ಬ. "ನಮ್ಮ ದೊಡ್ಡವ್ವನಂಗ ದಪ್ಪ ದನಿ" ಅಂತ ಇನ್ನೊಬ್ಬಳು. ಆಮೇಲೆ ಫೋಟೋ ತೋರಿಸಿದೆ. ಯಾರೂ ನಗಲಿಲ್ಲ. ದನಿ ಆಗಲೇ ಅವರ ಎದೆಯೊಳಗೆ ಹೋಗಿ ಕೂತಿತ್ತು.

ಆ ದಪ್ಪ ದನಿಯ ಮಾತು ಬಂದಾಗ ನಮ್ಮ ಗಂಗೂಬಾಯಿ ಹಾನಗಲ್ಲರನ್ನು ನೆನೆಯದೆ ಮುಂದೆ ಹೋಗಲಾರೆ. ನಮ್ಮ ನೆರೆಯ ಹಾನಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಒಯ್ದ ತಾಯಿ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂ ಕೂಡ ಇದ್ದಳು. ಹಾಡಿದ ಸಂಭ್ರಮದ ನಡುವೆಯೂ ಮಗುವಿನ ಮನಸ್ಸಿನಲ್ಲಿ ಒಂದು ಅಂಜಿಕೆ ಕೊರೆಯುತ್ತಿತ್ತು: ತನ್ನದು ಕೆಳಗಿನ ಜಾತಿಯೆಂದು ಊಟವಾದ ಮೇಲೆ ಎಂಜಲು ತೆಗೆಯಲು ಹೇಳಿಬಿಟ್ಟರೆ? ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹದಿನೈದು ವರ್ಷದ ನಂತರ, 1939ರಲ್ಲಿ, ವಾಷಿಂಗ್ಟನ್ನಿನ ದೊಡ್ಡ ಸಭಾಂಗಣವೊಂದರಲ್ಲಿ ಹಾಡಲು ಮರಿಯನ್ ಆಂಡರ್ಸನ್ ಅವರಿಗೆ ಅನುಮತಿ ಸಿಗಲಿಲ್ಲ. ಕಾರಣ ಮೈಬಣ್ಣ. ಏಪ್ರಿಲ್ 9ರಂದು ಅವರು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಬಯಲಿನಲ್ಲಿ ನಿಂತು ಹಾಡಿದರು. ಎದುರಿಗೆ 75,000 ಜನ. 1957ರಲ್ಲಿ ಅವರು ಭಾರತಕ್ಕೂ ಬಂದು ಹಾಡಿದರು. ಇಬ್ಬರದೂ ಗಂಭೀರವಾದ ತಗ್ಗಿನ ದನಿ. ಇಬ್ಬರನ್ನೂ ಹುಟ್ಟಿನ ಕಾರಣಕ್ಕೆ ಹೊಸ್ತಿಲಾಚೆ ನಿಲ್ಲಿಸಿದ್ದ ಜನ ಕೊನೆಗೆ ಅವರ ಕಂಠಕ್ಕೆ ತಲೆಬಾಗಿದರು. ಈ ಎರಡು ಕತೆಗಳನ್ನು ಒಟ್ಟಿಗೆ ಹೇಳಿದರೆ ಮಕ್ಕಳು ಒಂದು ಮಾತನ್ನು ತಾವಾಗಿಯೇ ಕೇಳುತ್ತಾರೆ: "ಹಂಗಾರ ನಮ್ಮಲ್ಲೂ ಹಂಗ ಮಾಡತಿದ್ರೇನ್ರಿ?" ಆ ಪ್ರಶ್ನೆಗೆ ನೇರವಾಗಿ ಹೌದು ಅನ್ನಬೇಕು. ದೂರದ ಅನ್ಯಾಯ ಹೇಳಿ ಮನೆಯದನ್ನು ಮುಚ್ಚಿಟ್ಟರೆ ಮಕ್ಕಳಿಗೆ ಮೋಸ ಮಾಡಿದ ಹಾಗೆ. ಮಹಾತ್ಮ ಜ್ಯೋತಿಬಾ ಫುಲೆ 1873ರಲ್ಲೇ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ. ಈ ಎರಡು ನೋವಿನ ನಡುವಿನ ನಂಟನ್ನು ಅವರು ಅಷ್ಟು ಹಿಂದೆಯೇ ಗುರುತಿಸಿದ್ದರು.

ಇನ್ನೊಂದು ಸಂಜೆ ಡೊಳ್ಳಿನ ಮಾತು. ಕನಕದಾಸರು ಹುಟ್ಟಿದ ಬಾಡ ನಮ್ಮ ಶಿಗ್ಗಾಂವಿ ತಾಲೂಕಿನದೇ, ಈ ಸೀಮೆಯಲ್ಲಿ ಡೊಳ್ಳು ಕೇಳದ ಮಗುವಿಲ್ಲ. "ಯಾರರೇ ಬಂದು ನಿಮ್ಮ ಡೊಳ್ಳು ಕಸಕೊಂಡು, ಇನ್ನ ಬಾರಿಸಿದ್ರ ಶಿಕ್ಷೆ ಅಂದ್ರ ಏನ್ ಮಾಡ್ತೀರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಡೊಳ್ಳಿನ ಮನೆತನದ ಹುಡುಗನೊಬ್ಬ ಏನೂ ಮಾತಾಡದೆ ತೊಡೆ ತಟ್ಟಿದ. ಒಂದು ಸಲ ತೊಡೆ, ಒಂದು ಸಲ ಎದೆ, ಮತ್ತೆ ಅಂಗೈ. ಪಕ್ಕದವಳು ಕಟ್ಟೆಯ ಕಲ್ಲಿಗೆ ಹಿಮ್ಮಡಿ ಬಡಿದಳು. ಎರಡು ನಿಮಿಷದಲ್ಲಿ ಕಟ್ಟೆ ತುಂಬ ಡೊಳ್ಳೇ ಡೊಳ್ಳು, ಚರ್ಮದ ವಾದ್ಯ ಒಂದೂ ಇಲ್ಲ. ಆಗ ಹೇಳಿದೆ: 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೊ ನದಿಯ ಹತ್ತಿರ ಗುಲಾಮರು ಡೊಳ್ಳು ಬಾರಿಸುತ್ತ ದಂಗೆ ಎದ್ದರು. ಮರುವರ್ಷವೇ ಬಂದ ಕಾನೂನು ಅವರ ಡೊಳ್ಳು, ಕೊಂಬುಗಳನ್ನು ನಿಷೇಧಿಸಿತು. ಡೊಳ್ಳಿನಿಂದ ದೂರದವರಿಗೆ ಸುದ್ದಿ ಮುಟ್ಟುತ್ತದೆ ಎಂಬ ಭಯ ಒಡೆಯರಿಗೆ. ಡೊಳ್ಳು ಹೋದ ಮೇಲೆ ಆ ಜನ ಮೈಯನ್ನೇ ವಾದ್ಯ ಮಾಡಿಕೊಂಡರು. ತೊಡೆ, ಎದೆ, ಅಂಗೈ ತಟ್ಟಿ ಹಾಡುವ 'ಜೂಬಾ' ಎಂಬ ಆಟ ಉಳಿದು ಬಂತು. ಜಾರ್ಜಿಯಾದ ಕರಾವಳಿ ದ್ವೀಪಗಳ ಬೆಸ್ಸಿ ಜೋನ್ಸ್ ಎಂಬ ಹಾಡುಗಾರ್ತಿ ಮಕ್ಕಳ ಇಂಥ ಆಟದ ಹಾಡುಗಳನ್ನೆಲ್ಲ ನೆನಪಿನಿಂದ ಹೇಳಿ ಬರೆಸಿದರು, ಅದು 1972ರಲ್ಲಿ ಪುಸ್ತಕವಾಯಿತು. ನಮ್ಮ ಹುಡುಗ ಈ ಯಾವುದನ್ನೂ ತಿಳಿಯದೆ ಅದೇ ದಾರಿ ಹಿಡಿದಿದ್ದ. ಆ ದಿನ ನಾನು ಕಲಿಸಿದ್ದು ಕಡಿಮೆ, ಅವನಿಂದ ಕಲಿತದ್ದೇ ಹೆಚ್ಚು.

ಮಕ್ಕಳಿಗೆ ಹೀಗೆ ಹಾಡಿಸಿಯೇ ಕಲಿಸುವುದನ್ನು ಬಾಳಿನ ಕೆಲಸವಾಗಿ ಮಾಡಿದವರು ಶಿಕಾಗೋದ ಎಲ್ಲಾ ಜೆಂಕಿನ್ಸ್. 1957ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಬಂತು. ತಾನೊಂದು ಸಾಲು ಹಾಡುವುದು, ಮಕ್ಕಳಿಂದ ಒಂದು ಸಾಲು ಹಾಡಿಸುವುದು, ಇದೇ ಅವರ ಕ್ರಮ. 2024ರಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ನಮ್ಮೂರ ಭಜನಾ ಮೇಳದ ಹಿರಿಯರು ಕಿರಿಯರನ್ನು ತಯಾರು ಮಾಡುವುದೂ ಇದೇ ರೀತಿ. ಮಗು ಮೊದಲು ಸೊಲ್ಲು ಹಿಡಿಯುತ್ತದೆ, ಆಮೇಲೆ ತಾಳ ಹಿಡಿಯುತ್ತದೆ, ಯಾವಾಗಲೋ ಒಂದು ದಿನ ಮುಂದೆ ಕೂತು ಪದ ಎತ್ತುತ್ತದೆ.

ಹಾಡಿನೊಳಗೆ ಗುಟ್ಟು ಬಚ್ಚಿಡುವುದನ್ನು ನಮ್ಮ ಮಕ್ಕಳಿಗೆ ತಿಳಿಸಿ ಹೇಳುವುದು ಬಲು ಸುಲಭ. ಶಿಶುನಾಳ ಶರೀಫರ ಊರು ಇದೇ ತಾಲೂಕಿನಲ್ಲಿದೆ. ಕೋಳಿಯೊಂದು ಕೋಡಗವನ್ನು ನುಂಗಿತೆಂಬ ಅವರ ಪದ ಬಾರದ ಮಗು ಇಲ್ಲಿ ಸಿಗಲಾರದು. ಮೇಲೆ ಒಂದು ಅರ್ಥ, ಒಳಗೆ ಇನ್ನೊಂದು. ಅಮೆರಿಕದ ಗುಲಾಮರ ಭಕ್ತಿಗೀತೆಗಳಲ್ಲೂ ಈ ಬೆಡಗು ಉಂಟು. ಬೈಬಲ್ಲಿನ ಮೋಶೆ ತನ್ನ ಜನರನ್ನು ಈಜಿಪ್ಟಿನ ದೊರೆಯಿಂದ ಬಿಡಿಸಿಕೊಂಡು ಹೋದ ಕತೆಯನ್ನು ಅವರು ಹಾಡಿದರೆ ಒಡೆಯನಿಗೆ ಅದು ದೇವರ ಹಾಡು, ಹಾಡುವವರಿಗೆ ತಮ್ಮ ಬಿಡುಗಡೆಯ ಹಾಡು. ಹ್ಯಾರಿಯೆಟ್ ಟಬ್ಮನ್ ಎಂಬ ಧೀರೆ ತಾನು ತಪ್ಪಿಸಿಕೊಂಡ ಮೇಲೂ ಹದಿಮೂರರಷ್ಟು ಸಲ ಮರಳಿ ಹೋಗಿ ಸುಮಾರು ಎಪ್ಪತ್ತು ಜನರನ್ನು ಬಿಡಿಸಿ ತಂದಳು. ಕಾಡಿನಲ್ಲಿ ಅಡಗಿ ಕೂತವರಿಗೆ ಅವಳ ಹಾಡೇ ಸನ್ನೆ. ಈಗ ಹೊರಗೆ ಬರಬಹುದೋ, ಇನ್ನೂ ಅಡಗಿಯೇ ಇರಬೇಕೋ ಎಂಬುದು ಹಾಡಿನಿಂದ ತಿಳಿಯುತ್ತಿತ್ತು. ಇದನ್ನು ಕೇಳಿದ ದಿನ ನಮ್ಮ ಮಕ್ಕಳು ಕಣ್ಣಾಮುಚ್ಚಾಲೆ ಆಟಕ್ಕೆ ಹೊಸ ಕಟ್ಟಳೆ ಮಾಡಿಕೊಂಡರು, ಹಾಡು ಬದಲಾದರೆ ಹೊರಗೆ ಓಡಬೇಕೆಂದು.

ಆದರೆ ಗುಲಾಮಗಿರಿ ಮುಗಿದ ಮೇಲೆ ಆ ಹಾಡುಗಳನ್ನು ಹೊರಗೆ ಹಾಡಲು ಅವರ ಮಕ್ಕಳೇ ಹಿಂಜರಿದರು. ಈ ಕತೆ ನನ್ನನ್ನು ಬಹಳ ಕಾಡುತ್ತದೆ. ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ ಬಿಡುಗಡೆಯಾದ ಗುಲಾಮರಿಗಾಗಿ ಫಿಸ್ಕ್ ಎಂಬ ಶಾಲೆ ತೆರೆಯಿತು. ಐದು ವರ್ಷದಲ್ಲಿ ದುಡ್ಡಿಲ್ಲದೆ ಮುಚ್ಚುವ ಸ್ಥಿತಿಗೆ ಬಂತು. 1871ರ ಅಕ್ಟೋಬರ್ 6ರಂದು ಒಂಬತ್ತು ವಿದ್ಯಾರ್ಥಿಗಳು ಮಾಸ್ತರ ಜಾರ್ಜ್ ವೈಟ್ ಜೊತೆ ಹಾಡಿ ಹಣ ಕೂಡಿಸಲು ಹೊರಟರು. ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರೇ. ಮೊದಮೊದಲು ಬಿಳಿಯರ ಹಾಡುಗಳನ್ನೇ ಹಾಡಿದರು, ಜನ ಅಷ್ಟಾಗಿ ಒಲಿಯಲಿಲ್ಲ. ತಂದೆತಾಯಿಗಳ ಹಾಡುಗಳು ಅವರಿಗೆ ಪವಿತ್ರ, ಜೊತೆಗೆ ಹಳೆಯ ಗಾಯದ ಗುರುತು. ಬಾಗಿಲು ಹಾಕಿಕೊಂಡು ತಮ್ಮೊಳಗೇ ಹಾಡಿಕೊಳ್ಳುತ್ತಿದ್ದರು. ಕೊನೆಗೆ ಅವನ್ನೇ ವೇದಿಕೆಗೆ ತಂದಾಗ ಸಭೆ ಕಣ್ಣೀರಿಟ್ಟಿತು. 1873ರಲ್ಲಿ ಅವರು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ಹಾಡುಗಳ ಗಳಿಕೆಯಲ್ಲಿ ಎದ್ದ ಜುಬಿಲಿ ಹಾಲ್ ಎಂಬ ಕಟ್ಟಡ ಇವತ್ತಿಗೂ ನಿಂತಿದೆ.

ಹಾಡಿ ಶಾಲೆ ಉಳಿಸಿದ ಕತೆ ನಮಗೆ ಹೊಸದೇ? ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಪಾಠಶಾಲೆ ನಡೆಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿ, ಹಾಡಿ, ಆಡಿಸಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಕ್ಕಳಿಗೆ ಅನ್ನ ಹಾಕಿದರು. ಗುರುಶಿಷ್ಯರಿಬ್ಬರೂ ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿದವರು. ಫಿಸ್ಕ್ ಶಾಲೆಯ ಕತೆ ಹೇಳುವಾಗ ಈ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳುತ್ತೇನೆ.

ಈಗ ನಮ್ಮ ಶಾಲೆಗಳಿಗೇ ಬರುತ್ತೇನೆ. 'ವಿ ಶಲ್ ಓವರ್‌ಕಮ್' ಎಂಬ ಹಾಡನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಹಾಡದ ಶಾಲೆ ಕಡಿಮೆ. ಸ್ವಾತಂತ್ರ್ಯ ದಿನಕ್ಕೆ, ಗ್ಯಾದರಿಂಗಿಗೆ ಕೈಕೈ ಹಿಡಿದು ಹಾಡುತ್ತಾರೆ. ಅದು ಯಾರ ಹಾಡು ಎಂದು ನಾವು ಮಾತ್ರ ಹೇಳಿಕೊಟ್ಟಿಲ್ಲ. ಕಪ್ಪು ಜನರ ಚರ್ಚುಗಳಲ್ಲಿ ಬೇರು ಬಿಟ್ಟ ಆ ಹಾಡನ್ನು 1945ರ ಚಳಿಗಾಲದಲ್ಲಿ ಚಾರ್ಲ್ಸ್‌ಟನ್ ಊರಿನ ತಂಬಾಕು ಕಾರ್ಖಾನೆಯ ಕೂಲಿಯವರು ಹೋರಾಟಕ್ಕೆ ತಂದರು. ಮುಷ್ಕರ ಹೂಡಿದವರಲ್ಲಿ ಬಹಳಷ್ಟು ಜನ ಕಪ್ಪು ಹೆಣ್ಣುಮಕ್ಕಳು. ಚಳಿ, ಮಳೆಯಲ್ಲಿ ಗೇಟಿನ ಮುಂದೆ ನಿಂತಾಗ ಲುಸಿಲ್ ಸಿಮನ್ಸ್ ಎಂಬಾಕೆ ಅದನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದಳು. ಅಲ್ಲಿಂದ ಹೈಲ್ಯಾಂಡರ್ ಎಂಬ ಕಾರ್ಮಿಕರ ಶಾಲೆಗೆ, ಮುಂದೆ 1960ರ ವಿದ್ಯಾರ್ಥಿ ಚಳವಳಿಗೆ, ಕಿಂಗ್ ಅವರ ಮೆರವಣಿಗೆಗಳಿಗೆ, ಕೊನೆಗೆ ನಮ್ಮ ಪ್ರಾರ್ಥನೆಯ ಮೈದಾನಕ್ಕೆ ಬಂತು. ಬ್ಯಾಡಗಿಯಲ್ಲಿ ಘಾಟಿಗೆ ಕೆಮ್ಮುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅವ್ವಂದಿರ ಮಕ್ಕಳು ನನ್ನ ಕಟ್ಟೆಯ ಮೇಲಿದ್ದರು. ಹೀಗೆಯೇ ದಿನಗೂಲಿಗೆ ದುಡಿದ ಅವ್ವಂದಿರ ಹಾಡು ಇದು ಅಂದಾಗ ಅವರು ಅದನ್ನು ಹಾಡಿದ ರೀತಿಯೇ ಬದಲಾಯಿತು. ಕವಾಯತಿನ ಗಡಿಬಿಡಿ ಹೋಗಿ ದನಿಗೆ ಭಾರ ಬಂತು.

ಇಷ್ಟಾದ ಮೇಲೆ ಒಬ್ಬ ಹುಡುಗ ಕೇಳಿದ: "ಸರ್ರ, ಮುಂಡಗೋಡ ಸಂತ್ಯಾಗ ಸಿಗತಾರಲ್ಲ ಸಿದ್ದಿ ಮಂದಿ, ಅವ್ರೂ ಆಫ್ರಿಕಾದವ್ರ ಏನ್ರಿ?"

ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ದುಂಡಸಿಯಿಂದ ಪಶ್ಚಿಮಕ್ಕೆ ಹೋದರೆ ಮುಂಡಗೋಡ. ಅಲ್ಲಿಂದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡುಗಳವರೆಗೆ ಸಿದ್ದಿಗಳಿದ್ದಾರೆ. ಇವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿ ಬದುಕಿದರು. ಅಮೆರಿಕದವರು ದಾಟಿದ್ದು ಅಟ್ಲಾಂಟಿಕ್, ಇವರು ದಾಟಿದ್ದು ಅರಬ್ಬಿ ಸಮುದ್ರ. ಇಂದು ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಮೂವರನ್ನೂ ಕೂಡಿಸುವುದು ಡಮಾಮಿ. ಆ ವಾದ್ಯ ಬಾರಿಸಿ ಹೆಣ್ಣುಮಕ್ಕಳು ಹಾಡಿ ಕುಣಿಯುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಮರುವರ್ಷ ಬಂದ 'ಸಲಗ' ಸಿನಿಮಾದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಹಾಡಿದ ಹಾಡಿಗೆ ನಮ್ಮ ಓಣಿಯ ಮಕ್ಕಳೆಲ್ಲ ಕುಣಿದವರೇ. "ನೀವು ಅವ್ರ ಹಾಡಿಗೆ ಕುಣದೀರಿ, ಇನ್ನ ಅವ್ರನ್ನ ಸಂತ್ಯಾಗ ಕಂಡ್ರ ಮಿಕಿಮಿಕಿ ನೋಡಬ್ಯಾಡ್ರಿ, ಅಕ್ಕಾರ, ಅಣ್ಣಾರ ಅಂತ ಮಾತಾಡಸ್ರಿ" ಅಂದೆ.

ಡಬ್ಲ್ಯೂ. ಇ. ಬಿ. ಡುಬಾಯ್ಸ್ ಎಂಬ ದೊಡ್ಡ ಕಪ್ಪು ವಿದ್ವಾಂಸ 1903ರ ತನ್ನ ಪುಸ್ತಕದಲ್ಲಿ ಒಂದು ಮನೆಮಾತು ಬರೆದಿದ್ದಾನೆ. ಅವನ ಅಜ್ಜನ ಅಜ್ಜಿಯನ್ನು ಆಫ್ರಿಕಾದಿಂದ ಹಿಡಿದು ತಂದಿದ್ದರು. ಆಕೆ ಮೊಣಕಾಲ ನಡುವೆ ಮಗುವನ್ನು ಕೂರಿಸಿಕೊಂಡು ತನ್ನ ನಾಡಿನ ಹಾಡು ಹಾಡುತ್ತಿದ್ದಳು. ಆ ಮಗು ತನ್ನ ಮಕ್ಕಳಿಗೆ ಹಾಡಿತು, ಅವರು ತಮ್ಮ ಮಕ್ಕಳಿಗೆ. ಇನ್ನೂರು ವರ್ಷ ಹೀಗೆ ನಡೆದು ಬಂತು. ಮಾತುಗಳ ಅರ್ಥ ಯಾರಿಗೂ ಉಳಿಯಲಿಲ್ಲ, ಹಾಡು ಉಳಿಯಿತು. ಈ ಭಾಗ ಓದಿದಾಗಲೆಲ್ಲ ನನಗೆ ಆ ರಾಶಿಯ ಮುಂದಿನ ಅಜ್ಜಿ ಕಣ್ಣ ಮುಂದೆ ಬರುತ್ತಾಳೆ. ನಮ್ಮ ಮಕ್ಕಳಿಗೆ ಅವಳ ಪದದ ಮಾತೂ ತಿಳಿಯುತ್ತದೆ, ಅರ್ಥವೂ ತಿಳಿಯುತ್ತದೆ. ಆದರೂ ಹಾಡಲು ನಾಚುತ್ತಾರೆ, ಬಾಗಿಲು ಹಾಕಿಕೊಂಡು ಹಾಡುತ್ತಿದ್ದ ಫಿಸ್ಕ್ ಶಾಲೆಯ ಮಕ್ಕಳ ಹಾಗೆ. ಜನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ 2011ರಲ್ಲಿ ನಮ್ಮ ತಾಲೂಕಿನ ಗೊಟಗೋಡಿಯಲ್ಲೇ ಶುರುವಾಯಿತು. ಅಲ್ಲಿ ಹಾಡುಗಳು ದಾಖಲಾಗಲಿ, ಒಳ್ಳೆಯದೇ. ಆದರೆ ಅವು ಮಕ್ಕಳ ಬಾಯಿಗೆ ಬರಬೇಕಾದದ್ದು ಮನೆಯ ಅಂಗಳದಲ್ಲಿ.

ಈ ವರ್ಷದ ಸುಗ್ಗಿಯಲ್ಲಿ ಒಂದು ಬದಲಾವಣೆ ಕಂಡೆ. ಅಜ್ಜಿ ಪದ ಎತ್ತಿದಾಗ ಮೊಮ್ಮಗಳು ಸೊಲ್ಲು ಹಿಡಿದಳು, ತೊಡೆ ತಟ್ಟುತ್ತ. ದೂರದವರ ಹಾಡಿಗೆ ಕಿವಿಗೊಟ್ಟ ಹುಡುಗಿಗೆ ಅಜ್ಜಿಯ ಹಾಡಿನ ಬೆಲೆಯೂ ತಿಳಿದಿತ್ತು.

ಮಾಸ್ತರರಲ್ಲಿ, ಅಕ್ಕೋರಲ್ಲಿ, ತಂದೆತಾಯಿಗಳಲ್ಲಿ ನನ್ನದೊಂದೇ ಕೇಳಿಕೆ. ಬರುವ ಆಗಸ್ಟ್ 15ಕ್ಕೆ ನಿಮ್ಮ ಮಕ್ಕಳು ಕೈಕೈ ಹಿಡಿದು ಆ ಗೆಲುವಿನ ಹಾಡು ಹಾಡುತ್ತಾರೆ. ಹಾಡಿ ಮುಗಿಸಿದ ಮೇಲೆ, ಪೇಢೆ ಹಂಚುವ ಮುಂಚೆ ಎರಡು ನಿಮಿಷ ನಿಲ್ಲಿಸಿ, ಅದು ಚಳಿಯಲ್ಲಿ ಕಾರ್ಖಾನೆಯ ಗೇಟಿನ ಮುಂದೆ ನಿಂತ ಕಪ್ಪು ಹೆಣ್ಣುಮಕ್ಕಳ ಹಾಡು ಎಂದು ಹೇಳಿ. ಆಮೇಲೆ ಇನ್ನೊಂದು ಸಲ ಹಾಡಿಸಿ.